ಮೊದಲ ಸಣ್ಣ ದುಡ್ಡು: ಆರೋಗ್ಯ ಸಂಶೋಧನೆಗೆ ಹಣ ಯಾವಾಗ ಬೇಕು?

(ಬೆಳಗಾವಿಯಲ್ಲಿ ವೈದ್ಯಕೀಯ, ನರ್ಸಿಂಗ್, ಆಯುರ್ವೇದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯಾವ ಯೋಜನೆಯಲ್ಲಿ ಎಷ್ಟು ಹಣ ಸಿಗುತ್ತೆ ಅನ್ನುವುದನ್ನು ಹೇಳಬೇಕು ಅಂತ ನನ್ನನ್ನು ಕರೆದಿದ್ದಾರೆ. ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ನಮ್ಮ ಜಿಲ್ಲೆಯಲ್ಲೇ ನಡೆದ ಒಂದು ಅಧ್ಯಯನದ ಕಥೆ ಹೇಳಬೇಕು. ಅದನ್ನು ಕೇಳಿದರೆ ಉಳಿದ ಮಾತು ಸುಲಭವಾಗಿ ಅರ್ಥವಾಗುತ್ತದೆ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಣ್ಣುಮಕ್ಕಳು ಈ ಅಧ್ಯಯನದಲ್ಲಿ ಪಾಲ್ಗೊಂಡರು. ಹೆರಿಗೆ ಆದದ್ದು ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ. ಹೆರಿಗೆ ಮಾಡಿಸಿದವರು 25 ಎಎನ್‌ಎಂ ಸಿಸ್ಟರುಗಳು. ಹೆರಿಗೆಯ ನಂತರದ ರಕ್ತಸ್ರಾವ ಮಾತ್ರೆಯಿಂದ ತಪ್ಪುತ್ತಾ ಅಂತ ನೋಡಲು, ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ಉಳಿದವರಿಗೆ ಅದೇ ಥರ ಕಾಣುವ, ಔಷಧ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಸಿಸ್ಟರಿಗೂ ಗೊತ್ತಿಲ್ಲ. ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹೆರಿಗೆಯ ನಂತರ ಅತಿಯಾಗಿ ರಕ್ತ ಹೋಗುವುದು ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ಇನ್ನೂ ಗಂಭೀರವಾದ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಇಳಿದಿತ್ತು. ಸರಳವಾಗಿ ಹೇಳಬೇಕೆಂದರೆ, 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರಿಗೆ ಈ ತೊಂದರೆ ತಪ್ಪುತ್ತದೆ.

ಇದಕ್ಕೆ ಬಳಸುವ ಇನ್ನೊಂದು ಔಷಧ ಆಕ್ಸಿಟೋಸಿನ್. ಅದನ್ನು ಚುಚ್ಚಬೇಕು, ತಂಪಿನಲ್ಲಿ ಇಡಬೇಕು. ಕರೆಂಟು ಬಂದು ಹೋಗುವ ಉಪಕೇಂದ್ರದಲ್ಲಿ ಅದು ಸುಲಭವಲ್ಲ. ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಇದ್ದ ಆಧಾರಗಳಲ್ಲಿ ನಮ್ಮ ಹಳ್ಳಿಗಳ ಈ ಕೆಲಸ ಮುಖ್ಯವಾದದ್ದು.

ಇಷ್ಟನ್ನು ನಿಮ್ಮಲ್ಲಿ ಕೆಲವರು ಓದಿರುತ್ತೀರಿ. ನಾನು ಒತ್ತಿ ಹೇಳಬೇಕು ಅಂದುಕೊಂಡಿರುವುದು ಒಂದು ಪ್ಲಾಸ್ಟಿಕ್ ಹಾಳೆಯ ಬಗ್ಗೆ. ರಕ್ತ ಎಷ್ಟು ಹೋಯಿತು ಅಂತ ಅಳೆಯುವುದು ಹೇಗೆ? ಹಳ್ಳಿಯ ಮನೆಯಲ್ಲಿ ರಕ್ತ ಸೀರೆಗೆ ಹತ್ತುತ್ತದೆ, ಗೋಣಿಚೀಲಕ್ಕೆ ಹತ್ತುತ್ತದೆ, ನೆಲಕ್ಕೆ ಬೀಳುತ್ತದೆ. 500 ಮಿಲಿಲೀಟರ್ ದಾಟಿದರೆ ಅಪಾಯ ಅಂತ ಪುಸ್ತಕ ಹೇಳುತ್ತದೆ, ಆದರೆ ನೆಲದ ಮೇಲಿನ 500 ಮಿಲಿಲೀಟರನ್ನು ಕಣ್ಣಿನಲ್ಲಿ ಗುರುತಿಸುವುದು ಯಾರಿಗೂ ಸುಲಭವಲ್ಲ. ಅದಕ್ಕೆ ಒಂದು ಹಾಳೆ ಮಾಡಿದರು. ಮಗು ಹುಟ್ಟಿದ ಮೇಲೆ ತಾಯಿಯ ಕೆಳಗೆ ಹಾಸಿ, ಸೊಂಟಕ್ಕೆ ಕಟ್ಟುವುದು. ಹಾಳೆಯ ತುದಿ ಕೆಳಗೆ ಹೋದಂತೆ ಕಿರಿದಾಗುವ ಚೀಲ. ಚೀಲದ ಮೇಲೆ ಅಳತೆಯ ಗೆರೆಗಳು. ಸಿಸ್ಟರ್ ಬಗ್ಗಿ ನೋಡಿದರೆ ಎಷ್ಟು ತುಂಬಿದೆ ಅಂತ ಗೊತ್ತಾಗುತ್ತದೆ. ಈ ಹಾಳೆ ಸರಿಯಾಗಿ ಅಳೆಯುತ್ತಾ ಅಂತ ಬೆಳಗಾವಿ ಜಿಲ್ಲಾ ಆಸ್ಪತ್ರೆಯಲ್ಲಿ 123 ಹೆರಿಗೆಗಳಲ್ಲಿ ಬೇರೆಯಾಗಿಯೇ ಪರೀಕ್ಷೆ ಮಾಡಿದರು. ಕಣ್ಣಂದಾಜು ಹಾಳೆಯ ಅಳತೆಗಿಂತ ಶೇ 33ರಷ್ಟು ಕಡಿಮೆ ಬರುತ್ತಿತ್ತು. ಅಂದರೆ ಮೂರರಲ್ಲಿ ಒಂದು ಪಾಲು ರಕ್ತ ನಮ್ಮ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಅಳತೆಯೇ ಸರಿಯಿಲ್ಲದಿದ್ದರೆ ಮಾತ್ರೆ ಕೆಲಸ ಮಾಡುತ್ತೋ ಇಲ್ಲವೋ ಹೇಳುವುದು ಹೇಗೆ? ಆ 123 ಹೆರಿಗೆಗಳ ಸಣ್ಣ ಅಧ್ಯಯನ ದೊಡ್ಡ ಅಧ್ಯಯನದ ಬೆನ್ನೆಲುಬು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ತಾಯಂದಿರಿದ್ದರು. ಅಲ್ಲಿಯೂ ಮೊದಲ ಹೆಜ್ಜೆ ಅಳತೆಯ ಗೆರೆ ಇರುವ ಇಂಥದ್ದೇ ಹಾಳೆ. ರಕ್ತಸ್ರಾವ ಬೇಗ ಗೊತ್ತಾಗಿ, ಚಿಕಿತ್ಸೆಯೆಲ್ಲ ಒಟ್ಟಿಗೆ ಕೊಟ್ಟಾಗ ಗಂಭೀರ ತೊಂದರೆ ಶೇ 60ರಷ್ಟು ಇಳಿಯಿತು.

ನಾನು ಇವತ್ತು ಹೇಳಬೇಕಾದ ಮಾತು ಇದೇ. ನಾವು ಅನುದಾನ ಅಂದ ತಕ್ಷಣ ಕೋಟಿಗಳ ಮಾತಾಡುತ್ತೇವೆ. ಆದರೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದಂಥ ಜಿಲ್ಲೆಗಳಿಗೆ ಜಾಸ್ತಿ ಬೇಕಾಗಿರುವುದು ಅದಕ್ಕೂ ಮುಂಚಿನ ಸಣ್ಣ ದುಡ್ಡು. ಪ್ರಶ್ನೆಯನ್ನು ತಿದ್ದಿಕೊಳ್ಳಲು, ಅಳತೆ ಸರಿಮಾಡಿಕೊಳ್ಳಲು, ಊರಿನವರ ಜೊತೆ ಕೂತು ಮಾತಾಡಲು ಬೇಕಾದ ದುಡ್ಡು.

ಬೆಳಗಾವಿಯ ಆ ಕೆಲಸಕ್ಕೆ ಹಣ ಎಲ್ಲಿಂದ ಬಂತು? ಇಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು 2001ರಲ್ಲಿ ಗ್ಲೋಬಲ್ ನೆಟ್‌ವರ್ಕ್ ಅನ್ನುವ ತಾಯಿ-ಮಕ್ಕಳ ಆರೋಗ್ಯ ಸಂಶೋಧನಾ ಜಾಲಕ್ಕೆ ಸೇರಿತು. ಹಣ ಕೊಟ್ಟವರು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಗಳ ಒಕ್ಕೂಟವಾದ ಎನ್‌ಐಎಚ್‌ನ ಒಂದು ಸಂಸ್ಥೆ ಮತ್ತು ಗೇಟ್ಸ್ ಪ್ರತಿಷ್ಠಾನ. ಹಣ ಒಂದೇ ಅಧ್ಯಯನಕ್ಕೆ ಬಂದು ನಿಂತುಬಿಡಲಿಲ್ಲ, ವರ್ಷಾನುಗಟ್ಟಲೆ ಮುಂದುವರಿಯಿತು. ಹಳ್ಳಿಗಳ ಪ್ರತಿ ಗರ್ಭಿಣಿಯ ಮಾಹಿತಿ ಬರೆದಿಡುವ ವ್ಯವಸ್ಥೆ ಬೆಳೆಯಿತು, ಕೆಲಸ ಕಲಿತ ಜನ ತಯಾರಾದರು. ಆಮೇಲೆ ಬಂದದ್ದನ್ನು ನೋಡಿ. ಗರ್ಭಿಣಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಅವಧಿಗೆ ಮುಂಚಿನ ಹೆರಿಗೆ ಕಡಿಮೆಯಾಗುತ್ತಾ ಅಂತ ನೋಡಿದ 2020ರ ಅಧ್ಯಯನದಲ್ಲಿ ಬೆಳಗಾವಿ ಇದೆ. ಹೆರಿಗೆ ನೋವು ಬಂದಾಗ ಒಂದು ಸಲ ಅಜಿಥ್ರೊಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ಕೊಟ್ಟರೆ ತಾಯಿಗೆ ನಂಜು ಆಗುವುದು ತಪ್ಪುತ್ತಾ ಅಂತ 29 ಸಾವಿರಕ್ಕೂ ಜಾಸ್ತಿ ತಾಯಂದಿರಲ್ಲಿ ನೋಡಿದ 2023ರ ಅಧ್ಯಯನದಲ್ಲೂ ಬೆಳಗಾವಿ ಇದೆ. ತಾಯಿಯ ನಂಜು ಅಥವಾ ಸಾವು ಶೇ 2.4ರಿಂದ ಶೇ 1.6ಕ್ಕೆ ಇಳಿಯಿತು. ಮೊದಲ ಹಣ ಜನರನ್ನೂ ವ್ಯವಸ್ಥೆಯನ್ನೂ ಕಟ್ಟಿತ್ತು. ಹಾಗಾಗಿ ಮುಂದಿನ ಹಣ ತಾನಾಗಿ ಹುಡುಕಿಕೊಂಡು ಬಂತು.

ಹೊರಗಿನ ಹಣದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2025ರ ಮೇ ತಿಂಗಳಲ್ಲಿ ಎನ್‌ಐಎಚ್ ಹೊರದೇಶದ ಸಂಸ್ಥೆಗಳಿಗೆ ಉಪ-ಅನುದಾನ ಕೊಡುವ ಹಳೆಯ ಪದ್ಧತಿಯನ್ನೇ ನಿಲ್ಲಿಸಿ ಬದಲಿಸುವುದಾಗಿ ಹೇಳಿತು. ಒಂದು ದೇಶದ ರಾಜಧಾನಿಯಲ್ಲಿ ತೀರ್ಮಾನವಾದರೆ ಇನ್ನೊಂದು ದೇಶದ ಹಳ್ಳಿಯ ಕೆಲಸ ಅಲ್ಲಾಡುತ್ತದೆ. ಹೊರಗಿನ ಹಣ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಬೇರು ಇಲ್ಲಿಯೇ ಇರಬೇಕು.

ಈಗ ಬ್ರಿಟನ್ನಿನ ಒಂದು ವ್ಯವಸ್ಥೆ ನೋಡೋಣ. ಅಲ್ಲಿ ಎನ್‌ಐಎಚ್‌ಆರ್ ಅನ್ನುವ ರಾಷ್ಟ್ರೀಯ ಸಂಸ್ಥೆ ಇದೆ. 2006ರಲ್ಲಿ ಶುರುವಾದದ್ದು. ಆರೋಗ್ಯದ ಜೊತೆಗೆ ಆರೈಕೆಯ ಸಂಶೋಧನೆಗೂ, ಅಂದರೆ ವಯಸ್ಸಾದವರನ್ನು, ಅಂಗವಿಕಲರನ್ನು ನೋಡಿಕೊಳ್ಳುವ ಕೆಲಸದ ಬಗೆಗಿನ ಸಂಶೋಧನೆಗೂ ಅದು ಹಣ ಕೊಡುತ್ತದೆ. ವರ್ಷಕ್ಕೆ 100 ಕೋಟಿ ಪೌಂಡಿಗಿಂತ ಜಾಸ್ತಿ ಖರ್ಚು ಮಾಡುತ್ತದೆ. ನಮಗೆ ಅಷ್ಟು ಹಣ ಇಲ್ಲ, ಬಿಡಿ. ಆದರೆ ಅವರ ಮೂರು ಪದ್ಧತಿ ನನಗೆ ಬಹಳ ಹಿಡಿಸಿವೆ. ದೊಡ್ಡ ಅಧ್ಯಯನಕ್ಕೆ ಅರ್ಜಿ ಹಾಕುವ ಮುಂಚೆ ಬೇಕಾಗುವ ತಯಾರಿಗೇ ಪ್ರತ್ಯೇಕ ಅನುದಾನ ಇದೆ. ಅರ್ಜಿ ಬರೆಯುವವರಿಗೆ ಪುಕ್ಕಟೆ ಸಲಹೆ ಕೊಡುವ ಕೇಂದ್ರಗಳಿವೆ. ಲೆಕ್ಕಶಾಸ್ತ್ರದವರು, ಅಧ್ಯಯನದ ವಿನ್ಯಾಸ ಗೊತ್ತಿರುವವರು ನಿಮ್ಮ ಜೊತೆ ಕೂರುತ್ತಾರೆ. ಇನ್ನು ಮೂರನೆಯದು, ರೋಗಿಗಳು ಮತ್ತು ಸಾಮಾನ್ಯ ಜನ ಅರ್ಜಿ ನೋಡುವ ಸಮಿತಿಯಲ್ಲೇ ಇರುತ್ತಾರೆ. ಈ ಪ್ರಶ್ನೆ ನಮಗೆ ಬೇಕಾ, ಬೇಡವಾ ಅಂತ ಅವರೂ ಹೇಳುತ್ತಾರೆ.

ನಮ್ಮಲ್ಲಿ ತಯಾರಿಯ ಹಣ ಅಂತ ಬೋರ್ಡು ಹಾಕಿದ ಬಾಗಿಲು ಹುಡುಕಲು ಹೋಗಬೇಡಿ. ಇರುವ ಸಣ್ಣ ಯೋಜನೆಗಳನ್ನೇ ಆ ಕೆಲಸಕ್ಕೆ ಬಳಸಿಕೊಳ್ಳಬೇಕು. ಒಂದೊಂದಾಗಿ ಹೇಳುತ್ತೇನೆ. ಮೊತ್ತ, ತಾರೀಖು, ನಿಯಮ ಆಗಾಗ ಬದಲಾಗುತ್ತವೆ. ಹಾಗಾಗಿ ಅರ್ಜಿ ಹಾಕುವ ದಿನ ಆಯಾ ಸಂಸ್ಥೆಯ ಪ್ರಕಟಣೆಯನ್ನೇ ಓದಿ.

ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಅಲ್ಪಾವಧಿ ವಿದ್ಯಾರ್ಥಿ ಯೋಜನೆ ಇದೆ. ಎಲ್ಲರೂ ಎಸ್‌ಟಿಎಸ್ ಅಂತಲೇ ಕರೆಯುತ್ತಾರೆ. 1979ರಿಂದ ನಡೆಯುತ್ತಿದೆ. ಎರಡು ತಿಂಗಳ ಕೆಲಸ, 50 ಸಾವಿರ ರೂಪಾಯಿ. ಆದರೆ ಒಂದು ವಿಷಯ ಗಮನಿಸಿ. ಹಣ ಬರುವುದು ವರದಿ ಒಪ್ಪಿಗೆಯಾದ ಮೇಲೆ. ಅಲ್ಲಿಯವರೆಗಿನ ಖರ್ಚು ವಿದ್ಯಾರ್ಥಿಯದ್ದು ಅಥವಾ ಕಾಲೇಜಿನದ್ದು. ಇಲ್ಲೇ ಅನೇಕ ಮಕ್ಕಳು ಹಿಂದೆ ಸರಿಯುತ್ತಾರೆ. ಮನೆಯಿಂದ ತಿಂಗಳ ಖರ್ಚಿಗೇ ಲೆಕ್ಕ ಹಾಕಿ ದುಡ್ಡು ತರಿಸಿಕೊಳ್ಳುವ ಹುಡುಗಿ ಪ್ರಶ್ನಾವಳಿಯ ಜೆರಾಕ್ಸಿಗೆ, ಹಳ್ಳಿಗೆ ಹೋಗುವ ಆಟೋಗೆ ಕೈಯಿಂದ ಹಾಕುವುದು ಎಲ್ಲಿಂದ? ಕಾಲೇಜುಗಳು ಇಂಥ ವಿದ್ಯಾರ್ಥಿಗಳಿಗೆ ಮುಂಗಡವಾಗಿ ಒಂದಿಷ್ಟು ಕೊಡಬೇಕು. ದೊಡ್ಡ ಮೊತ್ತವೇನೂ ಅಲ್ಲ.

ಆಯುರ್ವೇದದ ಪದವಿ ವಿದ್ಯಾರ್ಥಿಗಳಿಗೆ ಕೇಂದ್ರದ ಆಯುರ್ವೇದ ಸಂಶೋಧನಾ ಮಂಡಳಿಯಾದ ಸಿಸಿಆರ್‌ಎಎಸ್ ಸಂಸ್ಥೆಯ ಸ್ಪಾರ್ಕ್ ಯೋಜನೆ ಇದೆ. ಅದೂ ಎರಡು ತಿಂಗಳು, ಒಟ್ಟು 50 ಸಾವಿರ. ಅಧ್ಯಾಪಕರಿಗೆ ಅದೇ ಸಂಸ್ಥೆಯ ಸ್ಮಾರ್ಟ್ ಅನ್ನುವ ಯೋಜನೆ ಇದೆ. ನಮ್ಮ ಊರಿನಲ್ಲೇ, ನೆಹರೂ ನಗರದಲ್ಲಿ, ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಇದೆ. 2006ರಲ್ಲಿ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಆಯುರ್ವೇದದ ಮಕ್ಕಳು ಕನಿಷ್ಠ ಒಂದು ಸಲ ಅಲ್ಲಿಗೆ ಹೋಗಿ ಪ್ರಯೋಗಾಲಯ ನೋಡಿ ಬರಬೇಕು. ದೆಹಲಿಯ ಸಂಸ್ಥೆ ನಮ್ಮ ಮನೆ ಬಾಗಿಲಲ್ಲೇ ಇದೆ, ಅಲ್ವಾ?

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಅಧೀನದ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಶೋಧನಾ ಅನುದಾನ ಕೊಡುತ್ತದೆ. ಬೆಳಗಾವಿಯ ಸರ್ಕಾರಿ ಬಿಮ್ಸ್, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನಂಥವು ಅದರ ಅಡಿಯಲ್ಲಿ ಬರುತ್ತವೆ. ಆದರೆ ಇಲ್ಲಿನ ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ ಡೀಮ್ಡ್ ವಿಶ್ವವಿದ್ಯಾಲಯಗಳು. ಅಲ್ಲಿನವರು ತಮ್ಮ ವಿಶ್ವವಿದ್ಯಾಲಯದಲ್ಲೇ ಬೀಜಧನ ಕೇಳಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ತಪ್ಪು ಕಡೆ ಅರ್ಜಿ ಹಾಕಿ ಒಂದು ವರ್ಷ ಕಳೆದುಕೊಳ್ಳುವುದು ಬೇಡ.

ಎಂಜಿನಿಯರಿಂಗ್ ಕಾಲೇಜಿನವರೂ ಕೆಲವರು ಬಂದಿದ್ದೀರಿ, ಸಂತೋಷ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಸಣ್ಣ ಮೊತ್ತ ಕೊಡುತ್ತಾ ಬಂದಿದೆ. ಆ ಅಳತೆಯ ಹಾಳೆಯಂಥದ್ದು ಹೊಳೆಯಬೇಕಾದರೆ ಹೆರಿಗೆ ವಾರ್ಡಿನ ಸಿಸ್ಟರ್ ಮತ್ತು ಪ್ಲಾಸ್ಟಿಕ್ಕಿನ ಗುಣ ಗೊತ್ತಿರುವವರು ಒಂದೇ ಮೇಜಿನಲ್ಲಿ ಕೂರಬೇಕು. ಬೆಳಗಾವಿಯಲ್ಲಿ ವಿಟಿಯು ಇದೆ, ಮೆಡಿಕಲ್ ಕಾಲೇಜುಗಳಿವೆ. ಉಪಕರಣವನ್ನು ಮಾರುಕಟ್ಟೆಗೆ ತರುವ ಯೋಚನೆ ಇದ್ದರೆ, ಜೈವಿಕ ತಂತ್ರಜ್ಞಾನದ ಉದ್ಯಮಗಳಿಗೆ ನೆರವು ಕೊಡುವ ಕೇಂದ್ರದ ಸಂಸ್ಥೆಯಾದ ಬೈರಾಕ್‌ನ ಬಿಗ್ ಅನುದಾನ ನೋಡಿ. 18 ತಿಂಗಳಿಗೆ 50 ಲಕ್ಷದವರೆಗೆ ಸಿಗುತ್ತದೆ.

ಇದರ ಮೇಲಿನ ಮೆಟ್ಟಿಲು ಐಸಿಎಂಆರ್ ಹೊರಗಿನ ಸಂಸ್ಥೆಗಳಿಗೆ ಕೊಡುವ ಅನುದಾನ. 1911ರಲ್ಲಿ ಭಾರತೀಯ ಸಂಶೋಧನಾ ನಿಧಿ ಸಂಘ ಅಂತ ಹುಟ್ಟಿ, 1949ರಲ್ಲಿ ಹೆಸರು ಬದಲಿಸಿಕೊಂಡ ಸಂಸ್ಥೆ ಅದು. ಹುಟ್ಟುವಾಗಲೇ ಹೆಸರಿನಲ್ಲಿ ನಿಧಿ ಇತ್ತು. ಅದರ ಸಣ್ಣ ಅನುದಾನವೇ 2 ಕೋಟಿಯವರೆಗೆ. ಮಧ್ಯಮ ಅನುದಾನ 2ರಿಂದ 8 ಕೋಟಿ. ದೆಹಲಿಯ ಲೆಕ್ಕದಲ್ಲಿ ಅದು ಸಣ್ಣದು. ನಮ್ಮ ಕಡೆಯ ಒಬ್ಬ ಸಹಾಯಕ ಪ್ರಾಧ್ಯಾಪಕರಿಗೆ ಅದು ಮೊದಲ ಅರ್ಜಿಯ ಮೊತ್ತ ಅಲ್ಲ. ಸಮಿತಿಯವರು ಮೊದಲು ಕೇಳುವುದೇ, ಈ ಕೆಲಸ ನಿಮ್ಮ ಕೈಲಾಗುತ್ತೆ ಅನ್ನುವುದಕ್ಕೆ ಏನು ಆಧಾರ? ಆರಂಭಿಕ ಮಾಹಿತಿ ಎಲ್ಲಿ? ಅದನ್ನು ತೋರಿಸಲು ಕೆಳಗಿನ ಮೆಟ್ಟಿಲಿನ ಸಣ್ಣ ದುಡ್ಡು ಬೇಕು.

ವೈದ್ಯರಾಗಿದ್ದುಕೊಂಡೇ ಸಂಶೋಧನೆ ಮಾಡಬೇಕು ಅನ್ನುವವರಿಗೆ ಇಂಡಿಯಾ ಅಲೈಯನ್ಸ್ ಫೆಲೋಶಿಪ್ ಇದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಶುರು ಮಾಡಿದ್ದು. 2025ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಮೂರನೇ ಹಂತಕ್ಕೆ 1,500 ಕೋಟಿ ಒಪ್ಪಿತು. ಅದರಲ್ಲಿ 1,000 ಕೋಟಿ ನಮ್ಮ ಸರ್ಕಾರದ್ದು. ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಸಮಯ. ಒಪಿಡಿಯಲ್ಲಿ ಬೆಳಗಿನಿಂದ ರೋಗಿಗಳನ್ನು ನೋಡಿ, ಮಧ್ಯಾಹ್ನ ಪಾಠ ಮಾಡಿ, ರಾತ್ರಿ ಡ್ಯೂಟಿ ಮಾಡುವ ವೈದ್ಯರಿಗೆ ಯೋಚಿಸುವ ಹೊತ್ತು ಯಾವುದು? ಈ ಫೆಲೋಶಿಪ್ ಆ ಹೊತ್ತನ್ನು ಕೊಂಡು ಕೊಡುತ್ತದೆ. ಇನ್ನು 2024ರಲ್ಲಿ ಕೆಲಸ ಶುರು ಮಾಡಿದ ಕೇಂದ್ರದ ಸಂಶೋಧನಾ ಪ್ರತಿಷ್ಠಾನ ಎಎನ್‌ಆರ್‌ಎಫ್, ಮಕ್ಕಳು-ಮನೆ ಅಂತ ಕೆಲಸ ಬಿಟ್ಟ ಮಹಿಳಾ ವಿಜ್ಞಾನಿಗಳಿಗೆ ಇರುವ ಫೆಲೋಶಿಪ್ಪುಗಳು, ಇವೆಲ್ಲ ಇವೆ. ನಿಮ್ಮ ಕಾಲೇಜಿನ ಸಂಶೋಧನಾ ವಿಭಾಗದಲ್ಲಿ ಕೇಳಿ.

ಪಟ್ಟಿ ಸಾಕು. ಒಂದು ಪ್ರಶ್ನೆಯನ್ನು ಹಿಡಿದು ನೋಡೋಣ.

ನಮ್ಮ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ಕಬ್ಬಿನ ಗ್ಯಾಂಗ್ ಬರುತ್ತವೆ. ಮಹಾರಾಷ್ಟ್ರದ ಬರದ ಊರುಗಳಿಂದ ಬರುತ್ತವೆ, ನಮ್ಮ ವಿಜಯಪುರದ ಕಡೆಯಿಂದಲೂ ಬರುತ್ತವೆ. ಗಂಡ-ಹೆಂಡತಿ ಇಬ್ಬರೂ ಕಡಿಯುತ್ತಾರೆ, ಕಟ್ಟು ಹೊರುತ್ತಾರೆ. ಹೊಲದ ಬದಿಯಲ್ಲೇ ಜೋಪಡಿ. ಅವರಲ್ಲಿ ಗರ್ಭಿಣಿಯರಿರುತ್ತಾರೆ. ತಾಯಿ ಕಾರ್ಡ್ ಊರಲ್ಲಿರುತ್ತದೆ, ಊರಿನ ಆಶಾ ಕಾರ್ಯಕರ್ತೆ ಊರಲ್ಲಿರುತ್ತಾಳೆ. ಇಲ್ಲಿನ ಆಶಾಗೆ ಈಕೆ ತನ್ನ ಪಟ್ಟಿಯ ಹೆಸರಲ್ಲ. ರಕ್ತಹೀನತೆಯ ತಪಾಸಣೆ ಯಾರು ಮಾಡಬೇಕು? ಹೆರಿಗೆ ಎಲ್ಲಿ? ಇದು ನಮ್ಮ ನೆಲದ ಪ್ರಶ್ನೆ. ಬೇರೆ ಯಾರೂ ನಮಗಾಗಿ ಕೇಳುವುದಿಲ್ಲ.

ಇದಕ್ಕೆ ನೇರವಾಗಿ 2 ಕೋಟಿ ಕೇಳಿದರೆ ಏನಾಗುತ್ತದೆ ನೋಡಿ. ಎಷ್ಟು ಗರ್ಭಿಣಿಯರು ಸಿಗುತ್ತಾರೆ? ಗೊತ್ತಿಲ್ಲ. ಹಗಲು ಹೊಲದಲ್ಲಿರುವವರನ್ನು ಯಾವ ಹೊತ್ತಿಗೆ ಭೇಟಿಯಾಗಬೇಕು? ಗೊತ್ತಿಲ್ಲ. ಮುಕಾದಮ, ಅಂದರೆ ಗ್ಯಾಂಗಿನ ಮೇಸ್ತ್ರಿ, ಮಾತಾಡಲು ಬಿಡುತ್ತಾನಾ? ಒಪ್ಪಿಗೆ ಪತ್ರ ಮರಾಠಿಯಲ್ಲಿ ಬೇಕಾ, ಓದಿ ಹೇಳಬೇಕಾ? ಅಂದಾಜಿನ ಮೇಲೆ ಬರೆದ ಅರ್ಜಿಯನ್ನು ಸಮಿತಿ ಮೊದಲ ಪುಟದಲ್ಲೇ ಹಿಡಿಯುತ್ತದೆ.

ಅದರ ಬದಲು ಒಂದು ಹಂಗಾಮಿನ ಸಣ್ಣ ಕೆಲಸ ಮಾಡಿ. ಒಂದು ಸಕ್ಕರೆ ಕಾರ್ಖಾನೆಯ ಸುತ್ತಲಿನ ಕೆಲವು ಜೋಪಡಿಗಳು ಸಾಕು. ಇಬ್ಬರು ಕ್ಷೇತ್ರ ಸಹಾಯಕಿಯರು, ಇಬ್ಬರಿಗೂ ಕನ್ನಡ-ಮರಾಠಿ ಬರಬೇಕು. ಹಿಮೋಗ್ಲೋಬಿನ್ ನೋಡುವ ಒಂದು ಮೀಟರ್, ಅದರ ಪಟ್ಟಿಗಳು. ಓಡಾಟಕ್ಕೆ ಹಣ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ, ಅದು ನಿಜ. ಆದರೆ ಬಸ್ಸು ಡಾಂಬರು ರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಕಬ್ಬಿನ ಗದ್ದೆಯ ಜೋಪಡಿಗೆ, ಅದೂ ಕತ್ತಲಾದ ಮೇಲೆ, ಆಟೋ ಬೇಕು. ನಾನು ನೋಡಿದ ಅನೇಕ ಬಜೆಟ್ಟುಗಳಲ್ಲಿ ಈ ಕೊನೆಯ ಎರಡು-ಮೂರು ಕಿಲೋಮೀಟರಿನ ಹಣವೇ ಇರುವುದಿಲ್ಲ. ಕಂಪ್ಯೂಟರ್ ಇರುತ್ತದೆ, ಪ್ರಿಂಟರ್ ಇರುತ್ತದೆ, ಆಟೋ ಇರುವುದಿಲ್ಲ. ರಕ್ತ ಕಡಿಮೆ ಇರುವವರು ಸಿಕ್ಕರೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ಖರ್ಚನ್ನೂ ಅದರಲ್ಲೇ ಬರೆಯಿರಿ. ಪರೀಕ್ಷೆ ಮಾಡಿ, ಕಾಯಿಲೆ ಇದೆ ಅಂತ ಹೇಳಿ, ಸುಮ್ನೆ ಎದ್ದು ಬರುವ ಹಕ್ಕು ಯಾವ ಸಂಶೋಧಕರಿಗೂ ಇಲ್ಲ.

ಇನ್ನು ಹಣದ ಕ್ಯಾಲೆಂಡರ್. ಸರ್ಕಾರಿ ಅನುದಾನದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಕಬ್ಬಿನ ಹಂಗಾಮು ಹೆಚ್ಚುಕಡಿಮೆ ಅಕ್ಟೋಬರ್-ನವೆಂಬರಿನಿಂದ ಮಾರ್ಚ್. ಮಂಜೂರಾತಿ ಪತ್ರ ಡಿಸೆಂಬರಿನಲ್ಲಿ ಬಂದು, ಹಣ ಫೆಬ್ರುವರಿಯಲ್ಲಿ ಬಿದ್ದು, ಸಹಾಯಕಿಯರನ್ನು ನೇಮಿಸುವಷ್ಟರಲ್ಲಿ ಗ್ಯಾಂಗ್ ಗಂಟು ಕಟ್ಟಿ ಹೊರಟಿರುತ್ತದೆ. ಮಾರ್ಚ್ ಕೊನೆಗೆ ಖರ್ಚಿನ ಲೆಕ್ಕ ಕೇಳುತ್ತಾರೆ. ಬಳಕೆ ಪ್ರಮಾಣಪತ್ರ, ನಾವೆಲ್ಲ ಯುಸಿ ಅಂತ ಕರೆಯುವುದು, ಅದು ಹೋಗದೆ ಮುಂದಿನ ಕಂತು ಬರುವುದಿಲ್ಲ. ಕಂತು ತಡವಾದರೆ ಸಹಾಯಕಿಯ ಸಂಬಳ ನಿಲ್ಲುತ್ತದೆ. ಸಂಬಳ ನಿಂತರೆ ಆಕೆ ಬೇರೆ ಕೆಲಸ ಹುಡುಕುತ್ತಾಳೆ, ಹುಡುಕಲೇಬೇಕು. ಜೋಪಡಿಯ ಹೆಂಗಸರು ನಂಬಿದ್ದು ಆಕೆಯ ಮುಖವನ್ನು, ನಿಮ್ಮ ಕಾಲೇಜಿನ ಲಾಂಛನವನ್ನಲ್ಲ. ಹಾಗಾಗಿ ಅರ್ಜಿಯ ವೇಳಾಪಟ್ಟಿಯನ್ನು ಬೆಳೆಯ ಲೆಕ್ಕದಲ್ಲಿ ಬರೆಯಿರಿ. ಮೊದಲ ಕೆಲವು ತಿಂಗಳು ಪ್ರಶ್ನಾವಳಿ, ತರಬೇತಿ, ಅನುಮತಿ. ಹಂಗಾಮು ಬಂದಾಗ ಕ್ಷೇತ್ರ. ಹಾಗೇಕೆ ಬರೆದಿದ್ದೀರಿ ಅಂತ ಎರಡು ಸಾಲಿನಲ್ಲಿ ಹೇಳಿದರೆ ಸಮಿತಿಗೆ ಅರ್ಥವಾಗುತ್ತದೆ. ಮತ್ತು ಕಾಲೇಜಿನ ಆಡಳಿತದವರಿಗೆ ನನ್ನ ಬೇಡಿಕೆ: ಕಂತುಗಳ ನಡುವೆ ಸಂಬಳ ನಿಲ್ಲದಂತೆ ಒಂದು ಸಣ್ಣ ನಿಧಿ ಇಡಿ. ಕಂತು ಬಂದಾಗ ವಾಪಸ್ ತುಂಬಿಕೊಳ್ಳಿ.

ಅನುಮತಿಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮನುಷ್ಯರ ಮೇಲಿನ ಯಾವುದೇ ಅಧ್ಯಯನಕ್ಕೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. 2019ರ ನಿಯಮಗಳ ಪ್ರಕಾರ ಆ ಕಮಿಟಿಯೂ ನೋಂದಣಿ ಆಗಿರಬೇಕು. ಚಿಕಿತ್ಸೆಯ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಇಂಥ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಾಯಿಸಬೇಕು. ಹೊರದೇಶದ ಹಣ ಅಥವಾ ಸಹಭಾಗಿತ್ವ ಇದ್ದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಇವೆಲ್ಲ ತಿಂಗಳುಗಳನ್ನು ನುಂಗುತ್ತವೆ. ವೇಳಾಪಟ್ಟಿಯಲ್ಲಿ ಬರೆದುಕೊಳ್ಳಿ.

ಈಗ ಆರೈಕೆಯ ಮಾತು. ನನಗೆ ಇದು ಹತ್ತಿರದ ವಿಷಯ, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಂಡರೆ ಬೇಸರ ಮಾಡಿಕೊಳ್ಳಬೇಡಿ.

ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಏನಾಗುತ್ತದೆ? ಹೊರಳಿಸಿ ಮಲಗಿಸುವುದು, ಮೈ ಒರೆಸುವುದು, ಬೆನ್ನಿಗೆ ಹುಣ್ಣಾಗದಂತೆ ನೋಡುವುದು, ಗಂಟಲಿಗೆ ಸಿಕ್ಕದ ಹಾಗೆ ಗಂಜಿ ಕುಡಿಸುವುದು. ಹೆಂಡತಿ ಮಾಡುತ್ತಾಳೆ, ಸೊಸೆ ಮಾಡುತ್ತಾಳೆ, ಶಾಲೆ ಬಿಟ್ಟ ಮಗಳು ಮಾಡುತ್ತಾಳೆ. ಡಿಸ್ಚಾರ್ಜ್ ದಿನ ಮಾತ್ರೆಯ ಚೀಟಿ ಕೊಟ್ಟು ಕಳಿಸುತ್ತೇವೆ. ಹೊರಳಿಸುವುದು ಹೇಗೆ ಅಂತ ಕೈಹಿಡಿದು ತೋರಿಸಿ ಕಳಿಸಿದರೆ ಬೆನ್ನಿನ ಹುಣ್ಣು ಕಡಿಮೆಯಾಗುತ್ತಾ? ಯಾರು ತೋರಿಸಬೇಕು, ಎಷ್ಟು ಸಲ? ಇದು ನರ್ಸಿಂಗ್‌ನವರು ಕೇಳಬೇಕಾದ ಪ್ರಶ್ನೆ. ಇಂಥ ಅಧ್ಯಯನಕ್ಕೆ ಯಂತ್ರ ಬೇಡ, ಔಷಧ ಬೇಡ. ಬೇಕಾಗುವುದು ಮನೆ ಮನೆಗೆ ಹೋಗುವ ಹೊತ್ತು ಮತ್ತು ಸಂಬಳ. ಆದರೆ ನಮ್ಮ ಅನುದಾನದ ನಮೂನೆಗಳಲ್ಲಿ ಉಪಕರಣದ ಕಾಲಂ ತುಂಬುವುದು ಸುಲಭ, ಆರೈಕೆಯ ಹೊತ್ತನ್ನು ತುಂಬುವುದು ಕಷ್ಟ. ಅದು ಬದಲಾಗಬೇಕು. ಸಮಾಜ ವಿಜ್ಞಾನದವರ ಜೊತೆ ಸೇರಿದರೆ 1969ರಲ್ಲಿ ಶುರುವಾದ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಅಂದರೆ ಐಸಿಎಸ್‌ಎಸ್‌ಆರ್ ಅನುದಾನದ ದಾರಿಯೂ ಇದೆ. ವೈದ್ಯರ ಹೆಸರಿನಲ್ಲಿ ಅರ್ಜಿ ಹೋಗಿ, ನರ್ಸ್ ಬರೀ ಮಾಹಿತಿ ತುಂಬುವವರಾಗಿ ಉಳಿಯುವುದನ್ನು ನಾನು ಒಪ್ಪುವುದಿಲ್ಲ. ಆ 1620 ಹೆರಿಗೆಗಳ ರಕ್ತ ಅಳೆದವರು 25 ಸಿಸ್ಟರುಗಳು.

ಫಲಿತಾಂಶ ಬರದಿದ್ದರೆ ಹಣ ದಂಡ ಅಲ್ವಾ ಅಂತ ಕೇಳುವವರಿದ್ದಾರೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಯ 80 ಹಳ್ಳಿಗಳಲ್ಲಿ 2014ರಿಂದ 2017ರವರೆಗೆ 'ಸಮತಾ' ಅನ್ನುವ ಅಧ್ಯಯನ ನಡೆಯಿತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಜೊತೆ ಲಂಡನ್ನಿನ ಸಂಶೋಧಕರೂ ಇದ್ದರು. ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಕ್ಕಳು ಹೈಸ್ಕೂಲ್ ಮುಗಿಸುವಂತೆ, ಬೇಗ ಮದುವೆಯಾಗದಂತೆ ಊರಿನಲ್ಲಿ ಕೆಲಸ ಮಾಡಿದರೆ ವ್ಯತ್ಯಾಸ ಆಗುತ್ತಾ ಅಂತ ನೋಡಿದರು. ಒಟ್ಟಾರೆ ಲೆಕ್ಕದಲ್ಲಿ ಕೆಲಸ ನಡೆದ ಹಳ್ಳಿಗೂ ನಡೆಯದ ಹಳ್ಳಿಗೂ ವ್ಯತ್ಯಾಸ ಕಾಣಲಿಲ್ಲ. ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಈ ಹಣ ದಂಡವಾಗಲಿಲ್ಲ. ಹಾಗೆ ಅಳೆದು ನೋಡದೆ ಅದೇ ಕಾರ್ಯಕ್ರಮವನ್ನು ಹತ್ತು ಜಿಲ್ಲೆಗೆ ಹರಡಿದ್ದರೆ ಆಗ ದಂಡವಾಗುತ್ತಿತ್ತು. ನಿಮ್ಮ ಸಣ್ಣ ಅಧ್ಯಯನದಲ್ಲಿ ಏನೂ ವ್ಯತ್ಯಾಸ ಸಿಗದಿದ್ದರೆ ನಾಚಿಕೊಳ್ಳಬೇಡಿ. ಬರೆಯಿರಿ.

ಸಂಶೋಧನೆಗೆ ನಮ್ಮ ದೇಶ ಖರ್ಚು ಮಾಡುವುದು ಒಟ್ಟು ಉತ್ಪನ್ನದ ಶೇ 0.64ರಷ್ಟು, ಅದೂ ಎಲ್ಲ ವಿಜ್ಞಾನಗಳೂ ಸೇರಿ. ಇದು ಕಡಿಮೆ, ಜಾಸ್ತಿ ಆಗಲೇಬೇಕು. ಇರುವ ಹಣವೂ ದೊಡ್ಡ ಊರುಗಳ ದೊಡ್ಡ ಸಂಸ್ಥೆಗಳ ಕಡೆಗೇ ಜಾಸ್ತಿ ಹರಿಯುತ್ತದೆ. ಅಲ್ಲಿ ಅರ್ಜಿ ಬರೆದು ಪಳಗಿದವರಿದ್ದಾರೆ. ಇಳಕಲ್ಲಿನ ಕುಣಿ ಮಗ್ಗದಲ್ಲಿ ದಿನವಿಡೀ ಕೂರುವ ನೇಕಾರರ ಮೊಣಕಾಲು, ರಬಕವಿ-ಬನಹಟ್ಟಿಯ ಪವರ್‌ಲೂಮ್ ಸದ್ದಿನಲ್ಲಿ ಕೆಲಸ ಮಾಡುವವರ ಕಿವಿ, ಇವುಗಳ ಬಗ್ಗೆ ಅರ್ಜಿ ಬರೆಯಬೇಕಾದವರು ನಾವು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಖಾಸಗಿ ಕಾಲೇಜಿನ ಒಬ್ಬ ಅಧ್ಯಾಪಕರು ಕೇಳಿದರು: "ಸರ್ಕಾರಿ ಅನುದಾನ ನಮಗೂ ಸಿಗುತ್ತಾ?" ಸಿಗುತ್ತದೆ. ಆದರೆ ಖಾಸಗಿ ಸಂಸ್ಥೆಗೆ ಸಾಮಾನ್ಯವಾಗಿ ಕೇಂದ್ರದ ಡಿಎಸ್‌ಐಆರ್ ಇಲಾಖೆಯಿಂದ ಸಂಶೋಧನಾ ಸಂಸ್ಥೆ ಅನ್ನುವ ಮಾನ್ಯತೆ ಇರಬೇಕು. ಅದನ್ನು ಸೈರೊ ಅಂತ ಕರೆಯುತ್ತಾರೆ. ನಿಮ್ಮ ಕಾಲೇಜಿಗೆ ಅದು ಇದೆಯಾ, ಅವಧಿ ಮುಗಿದಿದೆಯಾ ಅಂತ ಅರ್ಜಿ ಬರೆಯಲು ಕೂರುವ ಮುಂಚೆಯೇ ಆಫೀಸಿನಲ್ಲಿ ಕೇಳಿ.

ವಿಜಯಪುರದಿಂದ ಬಂದಿದ್ದ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ನನಗೆ ಗೈಡೂ ಇಲ್ಲ, ದುಡ್ಡೂ ಇಲ್ಲ. ನಾಳೆ ಬೆಳಿಗ್ಗೆ ಏನು ಮಾಡಲಿ?"

ನಾಳೆ ವಾರ್ಡಿಗೆ ಹೋದಾಗ ನಿನಗೆ ತಲೆ ಕೆಡಿಸುತ್ತಿರುವ ಒಂದೇ ಒಂದು ವಿಷಯ ಆರಿಸಿಕೋವ್ವಾ. ಬೆನ್ನಿನ ಹುಣ್ಣೇ ಇರಲಿ. ಅದರ ಬಗ್ಗೆ ಒಂದು ಪುಟ ಬರೆ: ಏನು ನೋಡುತ್ತಿದ್ದೀಯ, ಯಾರಿಗೆ ಆಗುತ್ತಿದೆ, ಏನು ತಿಳಿಯಬೇಕು. ಕನ್ನಡದಲ್ಲೇ ಬರೆ. ಆ ಪುಟ ಹಿಡಿದುಕೊಂಡು ನಿಮ್ಮ ವಾರ್ಡಿನ ಹಿರಿಯ ಸಿಸ್ಟರ್ ಹತ್ತಿರ ಹೋಗು, ಆಮೇಲೆ ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಲೆಕ್ಕಶಾಸ್ತ್ರ ನೋಡುವವರ ಹತ್ತಿರ ಹೋಗು. ವಾರ್ಡಿನ ರಿಜಿಸ್ಟರ್ ಬಳಸಿ ಕಳೆದ ಕೆಲವು ತಿಂಗಳ ಮಾಹಿತಿ ತೆಗೆಯಬಹುದು. ಅದಕ್ಕೂ ಎಥಿಕ್ಸ್ ಕಮಿಟಿಗೆ ಅರ್ಜಿ ಕೊಡಲೇಬೇಕು, ಆದರೆ ಅಪಾಯ ಕಡಿಮೆ ಇರುವ ಇಂಥ ಕೆಲಸಕ್ಕೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಬೇಗ ನೋಡುವ ದಾರಿ ಇದೆ. ಗೈಡ್ ಸಿಗುವುದು ಆ ಪುಟ ತೋರಿಸಿದ ಮೇಲೆ. ದುಡ್ಡಿನ ಅರ್ಜಿ ಅದರ ನಂತರದ್ದು. ಮೊದಲ ಪುಟ ಬರೆದ ಮೇಲೆ ನನಗೂ ಒಂದು ಪ್ರತಿ ಕಳಿಸು, ಓದಿ ತಿದ್ದಿ ಕೊಡುತ್ತೇನೆ.